ಮೊಣಕಾಲುದ್ದದ ಸಮುದ್ರ

"ಅಷ್ಟು ಚಿಕ್ಕ ಮಕ್ಕಳನ್ನ ಸಮುದ್ರಕ್ಕೆ ಇಳಿಸಿದ್ರಾ?"

ಅಂಡಮಾನಿಗೆ ಹೋಗಿಬಂದ ಮೇಲೆ ನನಗೆ ಜಾಸ್ತಿ ಎದುರಾದ ಪ್ರಶ್ನೆ ಇದು. ಕೇಳಿದವರಲ್ಲಿ ಅರ್ಧ ಜನಕ್ಕೆ ಗಾಬರಿ, ಇನ್ನರ್ಧ ಜನಕ್ಕೆ ಆಸೆ. ತಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು ಅಂತ ಲೆಕ್ಕ ಹಾಕುತ್ತಿರುವವರು ಅವರು. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮಗಳಿಗೆ ಎಂಟು, ಮಗನಿಗೆ ಐದು. ಇಬ್ಬರೂ ಸ್ನಾರ್ಕೆಲಿಂಗ್ ಮಾಡಿದರು, ಅಂದರೆ ಕಣ್ಣು-ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ತೇಲುತ್ತಾ ನೀರಿನೊಳಗೆ ನೋಡುವುದು. ಮಗಳು ಎದೆಮಟ್ಟದ ನೀರಿನಲ್ಲಿ ನನ್ನ ಪಕ್ಕ ತೇಲಿದಳು. ಮಗ ಮೊಣಕಾಲುದ್ದದ ನೀರಿನಲ್ಲಿ ಅಪ್ಪನ ಅಂಗೈ ಮೇಲೆ ಹೊಟ್ಟೆ ಇಟ್ಟು ಮಲಗಿ ನೋಡಿದ. ಅದೂ ಸ್ನಾರ್ಕೆಲಿಂಗಾ ಅಂತ ನಗಬೇಡಿ. ಮುಖ ನೀರಿನೊಳಗೆ, ಉಸಿರಾಟ ಹೊರಗಿನ ಗಾಳಿಯದು. ಅಷ್ಟಾದರೆ ಆಯಿತು. ದೋಣಿ, ಆಳ, ದೂರದ ಹವಳದ ದಿಬ್ಬ ಎಲ್ಲ ದೊಡ್ಡವರ ಆಸೆಗಳು. ಐದು ವರ್ಷದವನಿಗೆ ಮೊಣಕಾಲುದ್ದದಲ್ಲೇ ಸಮುದ್ರ ಶುರುವಾಗುತ್ತದೆ, ಅಲ್ಲೇ ಬೇಕಾದಷ್ಟು ಇರುತ್ತದೆ. ಈ ಮಾತು ಒಪ್ಪಿಕೊಂಡರೆ ಪ್ರವಾಸದ ಯೋಜನೆಯೇ ಬೇರೆ ಆಗುತ್ತದೆ. ಹೋಗುವ ಜಾಗ ಬೇರೆ, ಹೋಗುವ ಹೊತ್ತು ಬೇರೆ, ಕೊಡುವ ದುಡ್ಡೂ ಕಡಿಮೆ.

ನಾವು ಬಯಲುಸೀಮೆಯವರು. ಸಮುದ್ರ ಅಂದರೆ ರಜೆಯಲ್ಲಿ ಒಮ್ಮೆ ಹೋಗಿ, ಪ್ಯಾಂಟು ಮಡಚಿ, ಕಾಲು ಒದ್ದೆ ಮಾಡಿಕೊಂಡು ಬರುವ ಜಾಗ. ಮನೆಯವರು ತಿಪಟೂರಿನ ಕಡೆಯವರು. ಸೊಂಟಕ್ಕೆ ಒಣ ತೆಂಗಿನಕಾಯಿ ಜೋಡಿ ಕಟ್ಟಿಸಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಚೆನ್ನಾಗಿ ಈಜುತ್ತಾರೆ. ಆದರೆ ಬಾವಿಯಲ್ಲಿ ಅಲೆ ಇಲ್ಲ, ಸೆಳೆತ ಇಲ್ಲ. ಅದನ್ನು ಅವರೇ ಹೇಳುತ್ತಾರೆ. ನನಗೆ ಈಜು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ಮಗನ ಜಾತಕ ಬರೆದ ಜೋಯಿಸರು ಬೇರೆ "ನೀರಿನ ಗಂಡಾಂತರ ಇದೆ, ಹುಷಾರು" ಅಂದುಬಿಟ್ಟಿದ್ದರು. ಅತ್ತೆ ಅದನ್ನು ಮರೆಯುವವರಲ್ಲ. ಟಿಕೆಟ್ ಆದ ದಿನವೇ ಕೇಳಿದರು: "ನೋಡಮ್ಮ, ನಿಂಗೇ ಈಜು ಬರಲ್ಲ. ಮಗೂನ ಹೆಂಗೆ ಹಿಡ್ಕೋತೀಯ?"

ಜಾತಕದ ಮಾತು ಪಕ್ಕಕ್ಕಿರಲಿ, ಪ್ರಶ್ನೆ ಸರಿಯಾಗಿಯೇ ಇತ್ತು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಏನಾಯಿತು ಅಂತ ನಮಗೆಲ್ಲ ನೆನಪಿದೆ. ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಕೊಂಡರು. ಸಮುದ್ರವನ್ನೇ ಸರಿಯಾಗಿ ನೋಡಿರದ ಮಕ್ಕಳನ್ನು ಒಮ್ಮೆಲೇ ಅದರ ಮುಂದೆ ಬಿಡುತ್ತೇವೆ. ಅಲೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ ಅಂತ ಯಾರೂ ಹೇಳಿರುವುದಿಲ್ಲ. ಹಾಗಂತ ಮಕ್ಕಳನ್ನು ನೀರಿನಿಂದ ದೂರವೇ ಇಟ್ಟರೆ ಅವರು ನಾಳೆ ಗೆಳೆಯರ ಜೊತೆ ಹೋಗಿ ಇಳಿಯುತ್ತಾರೆ, ಆಗ ನಾವು ಪಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಮೊದಲು ನಾನೇ ಈಜು ಕ್ಲಾಸಿನ ಬೆಳಗ್ಗೆ ಆರರ ಬ್ಯಾಚಿಗೆ ಸೇರಿಕೊಂಡೆ. ಸುತ್ತ ನನ್ನ ವಯಸ್ಸಿನ ಹೆಂಗಸರೇ. ಚೆನ್ನಾಗಿ ಈಜುವುದು ಇನ್ನೂ ದೂರದ ಮಾತು. ಆದರೆ ತೇಲುವುದು, ಮುಳುಗಿದರೆ ಗಾಬರಿಯಾಗದೆ ಮೇಲೆ ಬರುವುದು ಬಂತು.

ಮಕ್ಕಳ ತಯಾರಿ ಮನೆಯಲ್ಲೇ ನಡೆಯಿತು, ಬಕೆಟ್ಟಿನಲ್ಲಿ.

ಮಾಸ್ಕ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಮಕ್ಕಳ ಸ್ನಾರ್ಕೆಲಿಂಗ್ ಕೆಡುವುದು ಬಹುತೇಕ ಅಲ್ಲೇ. ಪ್ರವಾಸಿ ಜಾಗಗಳಲ್ಲಿ ಕೊಡುವ ಮಾಸ್ಕ್ ಸಾಮಾನ್ಯವಾಗಿ ದೊಡ್ಡವರದ್ದು. ಮಗುವಿನ ಕೆನ್ನೆಗೆ ಅದು ಕೂರುವುದಿಲ್ಲ. ಪಟ್ಟಿ ಎಷ್ಟು ಬಿಗಿದರೂ ನೀರು ಒಳಗೆ ಬರುತ್ತದೆ, ಉಪ್ಪುನೀರು ಕಣ್ಣಿಗೆ ಹೋಗುತ್ತದೆ, ಮಗು ಅಳುತ್ತದೆ, ಅತ್ತರೆ ಗಾಜು ಮಂಜಾಗುತ್ತದೆ. ಅಲ್ಲಿಗೆ ಮುಗಿಯಿತು. ಹಾಗಾಗಿ ಮಕ್ಕಳ ಅಳತೆಯದ್ದನ್ನು ಇಲ್ಲಿಂದಲೇ ಕೊಂಡುಹೋಗಿ. ಪರೀಕ್ಷೆ ಸುಲಭ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಲ್ಲಿ ಉಸಿರು ಎಳೆದುಕೋ ಅನ್ನಿ. ಕೈ ಬಿಟ್ಟರೂ ಮಾಸ್ಕ್ ಬೀಳದೆ ಅಂಟಿಕೊಂಡಿದ್ದರೆ ಸರಿ. ಅಂಚಿನಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಬರುತ್ತದೆ. ಇನ್ನೊಂದು ನಮಗೆ ಹೊಳೆದೇ ಇರದ ವಿಷಯ. ನಕ್ಕರೂ ನೀರು ಬರುತ್ತದೆ! ಕೆನ್ನೆಯಲ್ಲಿ ಗೆರೆ ಬಿದ್ದ ಕಡೆ ರಬ್ಬರ್ ಬಿಟ್ಟುಕೊಳ್ಳುತ್ತದೆ. ನನ್ನ ಮಗಳಿಗೆ ಮೀನು ಕಂಡರೆ ನಗು ಬರುತ್ತಿತ್ತು, ನಗು ಬಂದರೆ ಮಾಸ್ಕಿನೊಳಗೆ ನೀರು. ಅದಕ್ಕೆ ಔಷಧಿ ಇಲ್ಲ. ನಿಂತು, ನೀರು ಚೆಲ್ಲಿ, ಮತ್ತೆ ಹಾಕಿಕೊಳ್ಳುವುದು.

ಕೊಳವೆಯ ವಿಷಯವೂ ಹೀಗೇ. ನಾವು ಬಿಟ್ಟ ಉಸಿರಿನ ಕೊನೆಯ ಭಾಗ ಕೊಳವೆಯಲ್ಲೇ ನಿಂತಿರುತ್ತದೆ. ಮುಂದಿನ ಉಸಿರು ಎಳೆದಾಗ ಮೊದಲು ಬರುವುದು ಆ ಹಳೆಯ ಗಾಳಿ. ದೊಡ್ಡವರು ಎಳೆಯುವ ಗಾಳಿ ಜಾಸ್ತಿ, ಅದರಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ. ಪುಟ್ಟ ಮಗುವಿನ ಒಂದು ಉಸಿರೇ ಸ್ವಲ್ಪ. ದೊಡ್ಡವರ ಉದ್ದದ, ಅಗಲದ ಕೊಳವೆ ಕೊಟ್ಟರೆ ತನ್ನದೇ ಹಳೆಯ ಗಾಳಿಯನ್ನು ಮತ್ತೆ ಮತ್ತೆ ಎಳೆಯುತ್ತಾ ಸುಸ್ತಾಗುತ್ತದೆ. ಮಕ್ಕಳ ಕೊಳವೆ ಚಿಕ್ಕದು, ಸಪೂರ. ಮುಖ ಪೂರ್ತಿ ಮುಚ್ಚುವ ಹೊಸ ನಮೂನೆಯ ಮಾಸ್ಕುಗಳು ನೋಡಲು ಸುಲಭ ಅನ್ನಿಸುತ್ತವೆ, ಅಂಗಡಿಯವರೂ ಮಕ್ಕಳಿಗೆ ಇದೇ ಒಳ್ಳೆಯದು ಅನ್ನುತ್ತಾರೆ. ನಾನಂತೂ ಕೊಳ್ಳಲಿಲ್ಲ. ಒಳಗೆ ಗಾಳಿ ಸರಿಯಾಗಿ ಓಡಾಡದಿದ್ದರೆ ಅಲ್ಲೂ ಇದೇ ತೊಂದರೆ. ಗಾಬರಿಯಾದ ಮಗುವಿಗೆ ಅದನ್ನು ಕೂಡಲೇ ಕಿತ್ತುಹಾಕಲೂ ಬರುವುದಿಲ್ಲ. ಬಾಯಲ್ಲಿ ಕಚ್ಚುವ ಕೊಳವೆಯಾದರೆ ಉಗಿದರೆ ಸಾಕು.

ಈಜು ಕ್ಲಾಸಿನಲ್ಲಿ ಬಾಯಲ್ಲಿ ಎಳೆದುಕೋ, ಮೂಗಲ್ಲಿ ಬಿಡು ಅಂತ ಕಲಿಸಿರುತ್ತಾರೆ. ಇಲ್ಲಿ ಮೂಗಿಗೆ ಕೆಲಸವೇ ಇಲ್ಲ. ಮೊದಮೊದಲು ಮಗ ಮಾಸ್ಕ್ ಹಾಕಿಕೊಂಡು "ಅಮ್ಮಾ, ಮೂಗು ಮುಚ್ಚೋಗಿದೆ" ಅಂತ ಕಿತ್ತೆಸೆದ. ಆಮೇಲೆ ಅವನನ್ನು ಅವನ ಪಾಡಿಗೆ ಬಿಟ್ಟೆವು. ಮಾಸ್ಕ್, ಕೊಳವೆ ಹಾಕಿಕೊಂಡು ಸೋಫಾ ಮೇಲೆ ಕೂತು ಕಾರ್ಟೂನ್ ನೋಡಿದ. ಒಂದು ದಿನ ಹಾಗೇ ಬಾಗಿಲು ತೆಗೆಯಲು ಹೋಗಿ ಗ್ಯಾಸ್ ಸಿಲಿಂಡರ್ ತಂದವರನ್ನು ಬೆಚ್ಚಿಬೀಳಿಸಿದ. ಅದಾದ ಮೇಲೆ ಬಕೆಟ್. ತಳದಲ್ಲಿ ಒಂದೆರಡು ನಾಣ್ಯ, ಒಂದು ಪ್ಲಾಸ್ಟಿಕ್ ಡೈನೋಸಾರ್. ಮುಖ ಮುಳುಗಿಸಿ ಏನು ಕಾಣುತ್ತದೆ ಹೇಳು. ನೀರಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರದಲ್ಲಿರುವಂತೆ ಕಾಣುತ್ತದೆ. ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಇದನ್ನು ಬಕೆಟ್ಟಿನಲ್ಲೇ ಕಂಡುಕೊಂಡದ್ದು ಒಳ್ಳೆಯದಾಯಿತು. ಸಮುದ್ರದಲ್ಲಿ ಮೀನು ದೊಡ್ಡದಾಗಿ ಕಂಡಾಗ ಅವನು ಹೆದರಲಿಲ್ಲ, "ಇದೂ ಡೈನೋಸಾರ್ ಥರಾನೇ" ಅಂದ.

ಇನ್ನು ಪ್ರವಾಸ. ಬೆಂಗಳೂರಿನಿಂದ ಶ್ರೀ ವಿಜಯಪುರಕ್ಕೆ (2024ರವರೆಗೂ ಪೋರ್ಟ್ ಬ್ಲೇರ್, ಅಲ್ಲಿನ ಆಟೋದವರಿಗೆ ಈಗಲೂ ಅದೇ) ನೇರ ವಿಮಾನ ಇದೆ. ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್, ನೀಲ್. 2018ರಲ್ಲಿ ಇವಕ್ಕೂ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಹೆಸರು ಬದಲಾಗಿದೆ. ಹ್ಯಾವ್‌ಲಾಕ್ ಇರುವುದು ಹೆಚ್ಚುಕಮ್ಮಿ ನಮ್ಮ ಚಾಮರಾಜನಗರದ ಅಕ್ಷಾಂಶದಲ್ಲೇ. ಆದರೆ ಅಷ್ಟು ಪೂರ್ವಕ್ಕಿದ್ದೂ ಗಡಿಯಾರ ಮಾತ್ರ ನಮ್ಮದೇ. ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂಚೆ ಹುಟ್ಟಿ ಮುಂಚೆಯೇ ಮುಳುಗುತ್ತಾನೆ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಮಕ್ಕಳನ್ನು ನೀರಿಗಿಳಿಸುವುದಾದರೆ ಬೆಳಗ್ಗೆಯೇ ಇಳಿಸಬೇಕು.

ಹ್ಯಾವ್‌ಲಾಕ್‌ನಲ್ಲಿ ಎಲ್ಲರೂ ಹೋಗುವುದು ಎಲಿಫೆಂಟ್ ಬೀಚಿಗೆ. ಜೆಟ್ಟಿಯಿಂದ ಸ್ಪೀಡ್ ಬೋಟು, ಇಲ್ಲವೇ ಕಾಡಿನೊಳಗೆ ನಡಿಗೆ. ನಾವು ಬೋಟಿನಲ್ಲಿ ಹೋದೆವು. ಅಲ್ಲಿನ ವ್ಯವಸ್ಥೆ ಹೀಗಿದೆ: ಒಬ್ಬ ಗೈಡ್ ಹುಡುಗ ಗಾಳಿ ತುಂಬಿದ ಟ್ಯೂಬ್ ಹಿಡಿದಿರುತ್ತಾನೆ, ನಾವು ಅದನ್ನು ಹಿಡಿದು ಮುಖ ಕೆಳಗೆ ಮಾಡಿ ತೇಲಬೇಕು, ಅವನು ಎಳೆದುಕೊಂಡು ಹೋಗಿ ಹವಳ ತೋರಿಸಿ ವಾಪಸ್ ತರುತ್ತಾನೆ. ನಡುವೆ ಕ್ಯಾಮೆರಾ ಹಿಡಿದವನು ಬಂದು ಹೆಬ್ಬೆರಳು ಎತ್ತಿಸಿ ಫೋಟೋ ತೆಗೆಯುತ್ತಾನೆ. ಈಜು ಬಾರದ ದೊಡ್ಡವರಿಗೆ ಇದು ಒಳ್ಳೆಯ ವ್ಯವಸ್ಥೆಯೇ. ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ಹವಳ ನೋಡುವುದು ಹೀಗೆ. ಆ ಹುಡುಗರೂ ಬೆಳಗ್ಗೆಯಿಂದ ನೀರಲ್ಲೇ ಇರುತ್ತಾರೆ, ಒಂದು ಗುಂಪು ಮುಗಿಯುತ್ತಲೇ ಇನ್ನೊಂದು. ಚಿಕ್ಕ ಮಕ್ಕಳಿಗೆ ಬೇಕಾದ ನಿಧಾನ ಅವರ ಹತ್ತಿರ ಇರುವುದಿಲ್ಲ. ಅದು ಅವರ ತಪ್ಪಲ್ಲ.

ಮಗಳು ಟ್ಯೂಬ್ ಹಿಡಿದು ಹೋದಳು. ಮಗನ ಸರದಿ ಬಂದಾಗ "ಬೇಡ" ಅಂದ. ಗೈಡ್ ಹುಡುಗ "ಎರಡೇ ನಿಮಿಷ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಆಗುತ್ತೆ" ಅಂತ ಹಿಂದಿಯಲ್ಲಿ ಪುಸಲಾಯಿಸಿದ. ಅಲ್ಲಿದ್ದ ಇನ್ನೊಂದು ಕುಟುಂಬದವರು "ದುಡ್ಡು ಕೊಟ್ಟಿದ್ದೀರಲ್ಲ, ಸ್ವಲ್ಪ ಅತ್ತರೂ ಪರವಾಗಿಲ್ಲ, ಆಮೇಲೆ ಅಭ್ಯಾಸ ಆಗುತ್ತೆ" ಅಂದರು. ಅವರ ಮಗುವನ್ನು ಹಾಗೇ ಕಳಿಸಿದ್ದರು. ಅದು ಇಡೀ ಹೊತ್ತು ಅಳುತ್ತಲೇ ಇತ್ತು, ಫೋಟೋದಲ್ಲಿ ಮಾತ್ರ ಹೆಬ್ಬೆರಳು ಮೇಲಿತ್ತು. ನಾವು ಮಗನನ್ನು ಬಿಟ್ಟುಬಿಟ್ಟೆವು. ನೀರಿನ ವಿಷಯದಲ್ಲಿ ಮಗು ಬೇಡ ಅಂದರೆ ಬೇಡ, ಅದರ ಮೇಲೆ ಮಾತಿಲ್ಲ. ಈ ನಿಯಮ ಮಾಡಿದ್ದು ನಮ್ಮ ಮನೆಯವರು. ಬಾವಿಗೆ ಎತ್ತಿ ಎಸೆದು ಕಲಿಸಿದ ಚಿಕ್ಕಪ್ಪನನ್ನು ಅವರು ಇನ್ನೂ ಕ್ಷಮಿಸಿದಂತಿಲ್ಲ. ಮಗ ದಡದಲ್ಲಿ ಅಜ್ಜಿಯ ಜೊತೆ ಏಡಿಗಳ ಹಿಂದೆ ಓಡಿದ. ಅಜ್ಜಿಗೂ ಸಮಾಧಾನ.

ಮಗಳು ವಾಪಸ್ ಬಂದು ಮೊದಲು ಹೇಳಿದ್ದು, "ಅಮ್ಮಾ, ತುಂಬಾ ಕಡೆ ಬೂದಿ ಬಣ್ಣ ಇತ್ತು. ಫೋಟೋದಲ್ಲಿ ಹಾಗಿರಲಿಲ್ಲ." ಸರಿಯಾಗಿಯೇ ನೋಡಿದ್ದಳು. ಹವಳ ಅನ್ನುವುದು ಕಲ್ಲಲ್ಲ, ಗಿಡವೂ ಅಲ್ಲ. ಅದೊಂದು ಪ್ರಾಣಿ. ಸಣ್ಣ ಸಣ್ಣ ಜೀವಿಗಳು ಸಾವಿರಾರು ಸೇರಿ ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಪಾಚಿ ವಾಸ ಮಾಡುತ್ತದೆ. ಬಿಸಿಲಿನಿಂದ ಊಟ ತಯಾರಿಸಿ ಹವಳಕ್ಕೆ ಕೊಡುತ್ತದೆ, ಬಣ್ಣವೂ ಬಹುಮಟ್ಟಿಗೆ ಅದರದ್ದೇ. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಜಾಸ್ತಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಣ್ಣಗಾದರೆ ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಆಮೇಲೆ ಅದರ ಮೇಲೆ ಬೇರೆ ಪಾಚಿ ಬೆಳೆದು ಬೂದಿ, ಕಂದು ಬಣ್ಣ. ಅಂಡಮಾನಿನಲ್ಲಿ 2010ರ ಬೇಸಿಗೆಯಲ್ಲಿ ಇದು ತುಂಬಾ ದೊಡ್ಡದಾಗಿ ಆಯಿತು. 2016ರಲ್ಲಿ ಮತ್ತೆ. ಉಂಡೆಯಾಕಾರದ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುವುದು. ನನ್ನ ಮಗಳು ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಬೆಳೆದದ್ದು ಅವಳ ಅಂಗೈ ಅಗಲ ಅಷ್ಟೇ. ಇದನ್ನು ಕೇಳಿದ ಮೇಲೆ ಅವಳು ಎಲ್ಲೂ ಕಾಲಿಡಲು ಒಪ್ಪಲಿಲ್ಲ. ಈಗ ಬೇರೆ ಥರದ ಪಜೀತಿ. ನಿಲ್ಲು ಅಂದರೆ ನಿಲ್ಲುವುದಿಲ್ಲ, ಮರಳಿರುವ ಜಾಗ ಹುಡುಕಿಕೊಂಡು ತೇಲುತ್ತಾಳೆ. ಕಾಲಿಗೆ ರೆಕ್ಕೆ ಕಟ್ಟಿಕೊಳ್ಳುವ ಫಿನ್ಸ್ ಮಕ್ಕಳಿಗೆ ಬೇಡವೇ ಬೇಡ. ಗೊತ್ತಿಲ್ಲದೆ ಒದ್ದರೆ ಹತ್ತಾರು ವರ್ಷದ ಹವಳ ಮುರಿಯುತ್ತದೆ.

ನಮಗೆ ಒಗ್ಗಿದ್ದು ನೀಲ್. ಪುಟ್ಟ ದ್ವೀಪ, ಭತ್ತ, ತರಕಾರಿ, ಬಾಳೆ ಬೆಳೆಯುವ ಊರು. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಇಲ್ಲಿ ನೆಲೆಗೊಳಿಸಿದರು. ಅವರ ಊರುಗಳ ಹೆಸರು ಕೇಳಿ ಅತ್ತೆಗೆ ಖುಷಿಯೋ ಖುಷಿ: ಭರತ್‌ಪುರ, ಸೀತಾಪುರ, ಲಕ್ಷ್ಮಣ್‌ಪುರ, ರಾಮ್‌ನಗರ. "ಸಮುದ್ರ ದಾಟಿ ಬಂದ್ರೂ ರಾಮನಗರಾನೇ ಸಿಕ್ತಲ್ಲ" ಅಂದರು.

ಭರತ್‌ಪುರದ ಕಡಲತೀರ ಜೆಟ್ಟಿಯ ಪಕ್ಕದಲ್ಲೇ ಇದೆ. ಹವಳದ ದಿಬ್ಬ ಹೊರಗೆ ಅಲೆಯನ್ನು ತಡೆಯುತ್ತದೆ, ಒಳಗೆ ಅಗಲವಾದ, ಆಳವಿಲ್ಲದ ನೀರು. ಹೆಜ್ಜೆ ಹಾಕಿದಷ್ಟು ದೂರ ಮೊಣಕಾಲು, ತೊಡೆ, ಅಷ್ಟೇ. ಮಕ್ಕಳಿಗೆ ಬೇಕಾದದ್ದು ಇಂಥ ಜಾಗ. ಹೊತ್ತು ಮಾತ್ರ ನೋಡಿಕೊಳ್ಳಬೇಕು. ಪೂರ್ತಿ ಇಳಿತದಲ್ಲಿ ಹೋದರೆ ನೀರು ಪಾದದಷ್ಟು, ಹೊಟ್ಟೆ ಹವಳಕ್ಕೆ ತಾಗುತ್ತದೆ. ಪೂರ್ತಿ ಉಬ್ಬರದಲ್ಲಿ ಹೋದರೆ ಮಗುವಿಗೆ ಆಳ. ಇಳಿತ ಮುಗಿದು ನೀರು ಏರಲು ಶುರುವಾದ ಮೇಲೆ ಒಂದೆರಡು ಗಂಟೆ ಚೆನ್ನ. ಹೊರಗಿನ ತಿಳಿನೀರು ಒಳಗೆ ಬರುತ್ತಿರುತ್ತದೆ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು ಹನ್ನೆರಡೂವರೆ ಗಂಟೆ, ಹಾಗಾಗಿ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಹಿಂದೆ ಬೀಳುತ್ತಾ ಹೋಗುತ್ತದೆ. ಮೊಬೈಲಿನಲ್ಲಿ ಉಬ್ಬರ-ಇಳಿತದ ಪಟ್ಟಿ ಸಿಗುತ್ತದೆ. ಅತ್ತೆಯ ಪಂಚಾಂಗವೂ ಕೆಲಸಕ್ಕೆ ಬಂತು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸೌಮ್ಯ. ಪ್ಯಾಕೇಜಿನವರು ಹನ್ನೊಂದಕ್ಕೆ ಸ್ನಾರ್ಕೆಲಿಂಗ್ ಅಂದರೆ ಹನ್ನೊಂದೇ. ಸಮುದ್ರ ಆ ಪಟ್ಟಿ ನೋಡುವುದಿಲ್ಲ. ನಾವು ಹೋಟೆಲಿನವರನ್ನು ಕೇಳಿ, ಆ ದಿನದ ನೀರು ನೋಡಿಕೊಂಡು ಹೊರಟೆವು.

ನೀರಿಗಿಳಿಯುವ ದಿನ ತಿಂಡಿ ಕಡಿಮೆ. ಉಪ್ಪುನೀರು ಒಂದು ಗುಟುಕು ಒಳಗೆ ಹೋದರೂ ತುಂಬಿದ ಹೊಟ್ಟೆ ವಾಪಸ್ ಕಳಿಸುತ್ತದೆ. ತುಂಬು ತೋಳಿನ ಈಜು ಬಟ್ಟೆ ಇಬ್ಬರಿಗೂ. ಮುಖ ಕೆಳಗಿದ್ದರೆ ಬೆನ್ನಿಗೆ ಬಿಸಿಲು, ನೀರಲ್ಲಿರುವಾಗ ಅದು ಗೊತ್ತೇ ಆಗುವುದಿಲ್ಲ. ಬಟ್ಟೆ ಮುಚ್ಚದ ಕಡೆ ಮಾತ್ರ ಸನ್‌ಸ್ಕ್ರೀನ್, ಅದೂ ಸತುವಿನ ಆಕ್ಸೈಡ್ ಇರುವ ಬಿಳಿ ಮುಲಾಮು. ಕೆಲವು ಸನ್‌ಸ್ಕ್ರೀನುಗಳಲ್ಲಿರುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಹವಳಕ್ಕೆ ಕೆಟ್ಟದ್ದು ಅಂತ ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಮಗ ಬಿಳಿ ಮುಖ ಮಾಡಿಕೊಂಡು ಯಕ್ಷಗಾನದವನಾದ. ಊರಿಗೆ ಬಂದ ಮೇಲೆ ನೆಂಟರು "ಮಕ್ಕಳು ಕಪ್ಪಗಾಗ್ಬಿಟ್ವು" ಅಂದದ್ದು ಬೇರೆ ವಿಷಯ. ಕಪ್ಪಾಗಲಿ ಬಿಡಿ, ಸುಡಲಿಲ್ಲವಲ್ಲ.

ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಿರಬೇಕು. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲದವರೆಗೂ ಬಂದರೆ ಅದು ದೊಡ್ಡದು, ನೀರಿನಲ್ಲಿ ಮೈ ಜಾರಿ ಜಾಕೆಟ್ ಮಾತ್ರ ಮೇಲೆ ಉಳಿಯುತ್ತದೆ. ಎಂಥ ಜಾಕೆಟ್ ಇದ್ದರೂ ಕೈಗೆಟುಕುವ ದೂರ ಬಿಡಬಾರದು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರೇ ಸಿಗದಿರುವಾಗ ಕೂಗುವುದೆಲ್ಲಿಂದ? ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಗು, ಫೋನು ಅತ್ತೆಯ ಚೀಲದಲ್ಲಿ. ನೀರೊಳಗಿನ ಫೋಟೋ ನಮ್ಮ ಹತ್ತಿರ ಹಾಗಾಗಿ ಒಂದೂ ಇಲ್ಲ. ಇನ್ನೊಂದು, ಅಂಡಮಾನಿನಲ್ಲಿ ಸಮುದ್ರದ ನೀರು ಒಳಗೆ ನುಗ್ಗುವ ಖಾರಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ನೀರಿಗಿಳಿಯಬೇಡಿ ಅಂತ ಫಲಕ ಇದ್ದಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬದಿಯಲ್ಲಿ ಇಳಿಯಲೇಬಾರದು. ಇಳಿಯುವ ಮುಂಚೆ ಸ್ಥಳೀಯರನ್ನು ಕೇಳಿ.

ಭರತ್‌ಪುರದಲ್ಲಿ ಮಗ ಅವತ್ತು ಯಾರೂ ಕರೆಯದೆ ತಾನೇ ಮಾಸ್ಕ್ ಹಾಕಿಕೊಂಡ. ಎಲಿಫೆಂಟ್ ಬೀಚಿನಲ್ಲಿ ಒತ್ತಾಯ ಮಾಡಿದ್ದರೆ ಇಲ್ಲಿ ನೀರಿನ ಹತ್ತಿರವೂ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ನಿಂತ ಜಾಗದಲ್ಲೇ ಬಗ್ಗಿ ಮುಖ ಮುಳುಗಿಸಿದ, ಎತ್ತಿದ. ಮತ್ತೆ ಮುಳುಗಿಸಿದ. ಆಮೇಲೆ ಅಪ್ಪನ ಕೈ ಎಳೆದು ತನ್ನ ಹೊಟ್ಟೆಯ ಕೆಳಗೆ ಇಟ್ಟುಕೊಂಡು ಮಲಗಿದ. ಎದ್ದವನು ಹೇಳಿದ್ದು ಮೀನಿನ ವಿಷಯ ಅಲ್ಲ. "ಅಮ್ಮಾ, ಒಳಗಡೆ ಯಾರೋ ಒಗ್ಗರಣೆ ಹಾಕ್ತಿದಾರೆ!"

ನಾನೂ ಕಿವಿ ಮುಳುಗಿಸಿ ಕೇಳಿದೆ. ನಿಜ, ಸಾಸಿವೆ ಸಿಡಿಯುವ ಸದ್ದು, ಸುತ್ತಲೂ, ನಿಲ್ಲದೆ. ಹವಳದ ಸಂದಿಗಳಲ್ಲಿ ಇರುವ ಒಂದು ಜಾತಿಯ ಪುಟ್ಟ ಸೀಗಡಿಗಳ ಕೆಲಸ ಅದು. ಅವುಗಳ ಒಂದು ಕೊಂಡಿ ದೊಡ್ಡದು. ಅದನ್ನು ಎಷ್ಟು ಜೋರಾಗಿ ಮುಚ್ಚುತ್ತವೆ ಅಂದರೆ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ, ಸದ್ದು ಬರುವುದು ಆ ಗುಳ್ಳೆಯಿಂದ. ಬೇಟೆಗೆ ಆ ಏಟೇ ಸಾಕು. ಬೇರೆಬೇರೆ ಕಡೆ ಸ್ನಾರ್ಕೆಲಿಂಗ್ ಮಾಡಿದ ಸ್ನೇಹಿತರು ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಕೇಳಿದಾಗ "ಹೌದಾ, ಗಮನಿಸಿಲ್ಲ" ಅಂದರು. ಎಳೆದುಕೊಂಡು ಹೋಗುವ ಟ್ಯೂಬಿಗೆ ಜೋತುಬಿದ್ದಾಗ ಕೇಳಿಸುವುದು ನಮ್ಮ ಉಸಿರಿನ ಸದ್ದು ಮಾತ್ರ.

ಅಲ್ಲಿಂದ ಮುಂದೆ ಅವನದ್ದೇ ವೇಗ. ಒಂದು ಕಡಲ ಸೌತೆಯನ್ನು ಎಷ್ಟು ಹೊತ್ತು ನೋಡಿದನೋ. ದಪ್ಪಗೆ, ಕಪ್ಪಗೆ, ಮರಳಿನ ಮೇಲೆ ಸುಮ್ನೆ ಬಿದ್ದಿರುತ್ತದೆ. ಸುಮ್ನೆ ಅಂತ ನಮಗೆ ಅನ್ನಿಸುವುದು. ಅದು ಒಂದು ಕಡೆಯಿಂದ ಮರಳು ತಿನ್ನುತ್ತಾ, ಅದರಲ್ಲಿರುವ ಕೊಳೆತದ್ದನ್ನು ಜೀರ್ಣಿಸಿಕೊಂಡು, ಇನ್ನೊಂದು ಕಡೆಯಿಂದ ಚೊಕ್ಕ ಮರಳು ಬಿಡುತ್ತಿರುತ್ತದೆ. ಐದು ವರ್ಷದ ಹುಡುಗನಿಗೆ ಇದಕ್ಕಿಂತ ಮಜವಾದ ಪ್ರಾಣಿ ಇನ್ನೊಂದಿಲ್ಲ. ಮಗಳಿಗೆ ಗಿಳಿಮೀನು ಸಿಕ್ಕಿತು. ಹಸಿರು-ನೀಲಿ ಮೈ, ಗಿಳಿ ಕೊಕ್ಕಿನ ಹಲ್ಲು. ಹವಳವನ್ನು ಕೆರೆಯುವ ಸದ್ದು ಕೂಡ ಕೇಳುತ್ತದೆ. ಅದು ಪಾಚಿಗಾಗಿ ಸುಣ್ಣವನ್ನೂ ಸೇರಿಸಿ ಅರೆದು ನುಂಗಿ, ಮರಳು ಮಾಡಿ ಬಿಡುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕೆ.ಜಿ. ಮರಳು ಬಿಡಬಲ್ಲದು. ಈ ದ್ವೀಪಗಳ ಬಿಳಿ ಮರಳಿನಲ್ಲಿ ಅದರ ಪಾಲೂ ಇದೆ. ಹೇಳಿದ್ದೇ ತಡ, ತಮ್ಮನಿಗೆ ಸುದ್ದಿ ಮುಟ್ಟಿತು. ಇಬ್ಬರೂ ದಡದಲ್ಲಿ ಕೂತವರಿಗೆಲ್ಲ "ನೀವು ಕೂತಿರೋದು ಮೀನಿನ ಕಕ್ಕ ಮೇಲೆ" ಅಂತ ಸಾರಿಕೊಂಡು ಬಂದರು. ಪುಣ್ಯಕ್ಕೆ ಕನ್ನಡದಲ್ಲಿ.

ನೀರು 28 ಡಿಗ್ರಿ ಆಸುಪಾಸು, ಬೆಚ್ಚಗೇ ಇರುತ್ತದೆ. ಆದರೂ ಸ್ವಲ್ಪ ಹೊತ್ತಿಗೆ ಮಗನ ತುಟಿ ನೀಲಿಯಾಯಿತು. ಗಾಳಿಗಿಂತ ನೀರು ಮೈಯ ಬಿಸಿಯನ್ನು ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗದಲ್ಲಿ ಎಳೆದುಕೊಳ್ಳುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಮೈಚರ್ಮ ಜಾಸ್ತಿ, ಕೊಬ್ಬು ಕಡಿಮೆ. ನಮಗೆ ಹಿತವಾಗಿರುವಾಗಲೇ ಅವರು ನಡುಗುತ್ತಾರೆ. "ಚಳಿ ಆಗ್ತಿದ್ಯಾ?" ಅಂದರೆ ಇಲ್ಲ ಅಂತಲೇ ಹೇಳುತ್ತಾರೆ, ತುಟಿ ನೋಡಬೇಕು. ಹೊರಗೆ ಕರೆದು, ಟವೆಲ್ ಸುತ್ತಿ, ಎಳನೀರು ಕುಡಿಸಿ, ಬಿಸಿಲಲ್ಲಿ ಕೂರಿಸಿ, ಮತ್ತೆ ಬಿಟ್ಟೆವು. ಬೆಳಗಿನ ಬಹುಪಾಲು ಹೀಗೇ ಒಳಗೆ ಹೊರಗೆ ಓಡಾಡುವುದರಲ್ಲೇ ಕಳೆಯಿತು.

ಅತ್ತೆ ಗಾಜಿನ ತಳದ ದೋಣಿಯಲ್ಲಿ ಒಂದು ಸುತ್ತು ಹೋಗಿಬಂದರು. ಅವರಿಗೆ ಅದಕ್ಕಿಂತ ಹಿಡಿಸಿದ್ದು ಲಕ್ಷ್ಮಣ್‌ಪುರದ ಕಡೆಯ ಕಲ್ಲುಕಮಾನಿನ ತೀರ. ನಡುವೆ ಟೊಳ್ಳಾಗಿ ಸೇತುವೆಯಾಗಿ ನಿಂತ ಬಂಡೆ ಅದು, ಅಲ್ಲಿ ನೆಲೆಸಿದ ಬಂಗಾಳಿಗಳ ಬಾಯಲ್ಲಿ ಹೌರಾ ಬ್ರಿಡ್ಜ್. ಪೂರ್ತಿ ಇಳಿತದಲ್ಲಿ ಹೋಗಬೇಕು. ಸಮುದ್ರ ಹಿಂದೆ ಸರಿದು ಬಂಡೆಗಳ ನಡುವೆ ಸಣ್ಣ ಸಣ್ಣ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಒಂದೊಂದರಲ್ಲೂ ಒಂದೊಂದು ಸಂಸಾರ. ಸಿಕ್ಕಿಹಾಕಿಕೊಂಡ ಮೀನುಗಳು, ಏಡಿ, ನೀಲಿ ತುಟಿಯ ದೊಡ್ಡ ಚಿಪ್ಪು, ಎರಡಿಂಚಿನ ಹವಳ. ಒಬ್ಬ ಸ್ಥಳೀಯ ಗೈಡ್ ಬಂದರು, ವಯಸ್ಸಾದವರು. ಎಲ್ಲಿ ಕಾಲಿಡಬೇಕು ಅಂತ ಕೋಲಿನಿಂದ ತೋರಿಸುತ್ತಾ, ಏನನ್ನೂ ಮುಟ್ಟಲು ಬಿಡದೆ, ಒಂದೊಂದು ಹೊಂಡದ ಮುಂದೆಯೂ ನಿಲ್ಲಿಸಿ ತೋರಿಸಿದರು. ಈಜು ಬೇಡ, ಉಸಿರು ಕಟ್ಟುವುದು ಬೇಡ. ಮೂರು ವರ್ಷದ ಮಗು ಇದ್ದರೂ ಕರೆದುಕೊಂಡು ಹೋಗಬಹುದು, ಎಪ್ಪತ್ತು ದಾಟಿದ ಅಜ್ಜಿಯನ್ನೂ. ಕಾಲಿಗೆ ಹಿಡಿತ ಇರುವ ಚಪ್ಪಲಿ ಮಾತ್ರ ಬೇಕೇ ಬೇಕು. ಮುಳ್ಳಿನ ಉಂಡೆಗಳಂಥ ಕಡಲ ಪ್ರಾಣಿಗಳು ಸಂದಿಯಲ್ಲಿರುತ್ತವೆ. ಇಡೀ ಪ್ರವಾಸದಲ್ಲಿ ಒಂದೇ ಒಂದಕ್ಕೆ ಸಮಯ ಇದ್ದರೆ ನಾನು ಆರಿಸುವುದು ಇದನ್ನೇ, ಸ್ಪೀಡ್ ಬೋಟನ್ನಲ್ಲ.

ಮಗಳ ಜೇಬಿನಲ್ಲಿ ಸತ್ತ ಹವಳದ ತುಂಡುಗಳು ಸೇರಿದ್ದವು. ದಡದಲ್ಲಿ ಬಿದ್ದದ್ದು ತಾನೇ, ಒಂದೆರಡು ತಂದರೆ ಏನು ಅಂತ ಅವಳ ವಾದ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ. 2001ರಲ್ಲಿ ಸೇರಿಸಿದ್ದು, ಕಡಲ ಸೌತೆಯನ್ನೂ ಜೊತೆಗೆ. ಸತ್ತ ತುಂಡಾದರೂ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. "ಹುಲಿ ಥರ" ಅಂದದ್ದು ಅವಳಿಗೆ ನಾಟಿತು. ತುಂಡುಗಳನ್ನು ವಾಪಸ್ ಇಟ್ಟು, ಅಪ್ಪನ ಜೇಬನ್ನೂ ತಪಾಸಣೆ ಮಾಡಿದಳು.

ಈಗ ಇಬ್ಬರಿಗೂ ನೇತ್ರಾಣಿ ದ್ವೀಪ ಬೇಕಂತೆ. ಯಾರೋ ಶಾಲೆಯಲ್ಲಿ ಹೇಳಿದ್ದಾರೆ, ನಮ್ಮ ಕರ್ನಾಟಕದಲ್ಲೇ ಇದೆ ಅಂತ. ಇದೆ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ. ಅಲ್ಲಿನ ಮೀನುಗಳನ್ನು ನೋಡಿದವರು ಮರೆಯುವುದಿಲ್ಲ. ಆದರೆ ಅದು ಚಿಕ್ಕ ಮಕ್ಕಳ ಜಾಗ ಅಲ್ಲ. ಒಂದು ಗಂಟೆಗೂ ಮಿಕ್ಕಿ ತೂಗಾಡುವ ದೋಣಿ, ಅರ್ಧ ಜನಕ್ಕೆ ವಾಂತಿ, ಆಮೇಲೆ ದೋಣಿಯಿಂದ ನೇರವಾಗಿ ಆಳಕ್ಕೆ ಇಳಿಯಬೇಕು. ನಿಂತು ಮಾಸ್ಕ್ ಸರಿಮಾಡಿಕೊಳ್ಳಲು ಮರಳಿಲ್ಲ, ಚಳಿಯಾದರೆ ಓಡಿಹೋಗಿ ಕೂರಲು ದಡ ಇಲ್ಲ. ಮಗಳು ಇನ್ನೆರಡು ವರ್ಷ ಈಜಲಿ, ಆಮೇಲೆ ನೋಡೋಣ ಅಂದಿದ್ದೇವೆ. ಅವಳ ತಕರಾರು ಏನೂ ಇಲ್ಲ, ನನ್ನನ್ನು ಕರೆದುಕೊಂಡು ಹೋಗುವ ಮೊದಲು ನೀನು ಸರಿಯಾಗಿ ಕಲಿ ಅಂತ ಮಾತ್ರ ಹೇಳಿದ್ದಾಳೆ. ಆರರ ಬ್ಯಾಚು ಹಾಗಾಗಿ ನನಗೆ ಮುಂದುವರಿದಿದೆ. ಮಗನ ಮಾಸ್ಕ್ ಆಗಲೇ ಬಿಗಿಯಾಗುತ್ತಿದೆ, ಹೊಸದು ತೆಗೆಯಬೇಕು. ಹಳೆಯದನ್ನು ಕೆಳಗಿನ ಮನೆಯವರು ಕೇಳಿದ್ದಾರೆ. ಅವರು ಫೆಬ್ರವರಿಯಲ್ಲಿ ನಾಲ್ಕು ವರ್ಷದವಳನ್ನು ಕರೆದುಕೊಂಡು ಹೊರಟಿದ್ದಾರೆ. ಕೊಡುವಾಗ ಬಕೆಟ್ ವಿಷಯವನ್ನೂ ಹೇಳಿದ್ದೇನೆ.